ಮ್ಯಾಗಜಿನ್ ಬದಲಿಸುವ ಎರಡು ಸೆಕೆಂಡಿಗೆ ಮೂವತ್ತೈದು ವರ್ಷದ ಜಗಳ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಮುಕ್ಕಾಲು ಗಂಟೆ ದಾರಿಯ ಗುಡ್ಡಗಳ ನಡುವೆ ಒಂದು ಶೂಟಿಂಗ್ ರೇಂಜ್. ಸೋಮವಾರಪೇಟೆ ಕಡೆಯ ಗೆಳೆಯನೊಬ್ಬ ತನ್ನ ರೈಫಲ್ಲನ್ನು ಬೆಂಚಿನ ಮೇಲಿಟ್ಟು "ಹಿಡಿದು ನೋಡು ಮಾರಾಯ" ಅಂದ. ಹಿಡಿಯಲು ಹೋದರೆ ಕೈಗೆ ಹಿಡಿಕೆಯೇ ಸಿಗಲಿಲ್ಲ. ಹೆಬ್ಬೆರಳು ಸುತ್ತಿ ಆಚೆ ಹೋಗದಂತೆ ಹಿಡಿಕೆಯ ಹಿಂದೆ ಮೀನಿನ ರೆಕ್ಕೆಯಂಥ ಪ್ಲಾಸ್ಟಿಕ್ ಹಲಗೆ ಕೂರಿಸಿದ್ದರು. ಬಾಗಿಲ ಸಂದಿಯಲ್ಲಿ ಕೈ ತೂರಿಸಿದ ಹಾಗಾಯಿತು. ಅವನ ಎರಡನೇ ರೈಫಲ್ಲಿಗೆ ಹಿಡಿಕೆ ಸರಿಯಾಗಿಯೇ ಇತ್ತು. ಆದರೆ ಅದರ ಮ್ಯಾಗಜಿನ್ ಕಳಚಬೇಕಾದರೆ ಹಿಂದಿನ ಪಿನ್ ಎಳೆದು ರೈಫಲ್ಲನ್ನೇ ನಡು ಮುರಿದಂತೆ ತೆರೆಯಬೇಕು. ಊರಲ್ಲಿ ಜೋಡುನಳಿಗೆ ಕೋವಿ ಮುರಿದು ತೋಟೆ ಹಾಕುವುದನ್ನು ಕಂಡವರಿಗೆ ಹೊಸ ದೃಶ್ಯವೇನಲ್ಲ. "ಇಷ್ಟು ಡಾಲರ್ ಸುರಿದು ಕೊನೆಗೆ ಅಜ್ಜನ ಕೋವಿಗೇ ಬಂದು ನಿಂತೆ ನೋಡು" ಎಂದು ನಕ್ಕ.

ಎರಡೂ ಎಆರ್-15 ಮಾದರಿಯ ರೈಫಲ್ಲುಗಳೇ. ಹಾರುವ ಗುಂಡೂ ಒಂದೇ, ಹಾರುವ ವೇಗವೂ ಒಂದೇ. ಒಂದರಲ್ಲಿ ಹಿಡಿಕೆ ಕೆಡಿಸಿಕೊಂಡು ಮ್ಯಾಗಜಿನ್ ಉಳಿಸಿಕೊಂಡಿದ್ದಾನೆ, ಇನ್ನೊಂದರಲ್ಲಿ ಮ್ಯಾಗಜಿನ್ ಕಟ್ಟಿಹಾಕಿ ಹಿಡಿಕೆ ಉಳಿಸಿಕೊಂಡಿದ್ದಾನೆ. ಎರಡೂ ಸುಖ ಒಂದೇ ರೈಫಲ್ಲಿನಲ್ಲಿ ಇದ್ದರೆ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಬೇರೆ ಹೆಸರು: ಅಸಾಲ್ಟ್ ವೆಪನ್. ನೋಂದಣಿಯಿಲ್ಲದೆ ಅದು ಮನೆಯಲ್ಲಿ ಸಿಕ್ಕರೆ ಜೈಲೂ ಆಗಬಹುದು.

ಈ ವಿಚಿತ್ರ ಹೇಗೆ ಹುಟ್ಟಿತು ಎಂದು ತಿಳಿಯಬೇಕಾದರೆ ಹಿಡಿಕೆಯನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಜಗಳದ ಬೇರು ಮ್ಯಾಗಜಿನ್‌ನಲ್ಲಿದೆ. ನಾವು ಮ್ಯಾಗಜಿನ್ ಅಂದರೆ ವಾರಪತ್ರಿಕೆ ಅಂದುಕೊಳ್ಳುತ್ತೇವೆ. ಮೂಲದಲ್ಲಿ ಅದು ಅರಬ್ಬಿಯ ಉಗ್ರಾಣ, ನಮ್ಮ ಖಜಾನೆಯೂ ಅದೇ ಬೇರಿನದು. ಕೋವಿಯ ಮಟ್ಟಿಗೆ ಅದು ತೋಟೆಗಳನ್ನು ಸ್ಪ್ರಿಂಗಿನ ಮೇಲೆ ಜೋಡಿಸಿಟ್ಟ ಒಂದು ಡಬ್ಬಿ, ಅಷ್ಟೇ. ಅರೆಸ್ವಯಂಚಾಲಿತ ರೈಫಲ್ಲಿನಲ್ಲಿ ಟ್ರಿಗರ್ ಒಮ್ಮೆ ಒತ್ತಿದರೆ ಒಂದು ಗುಂಡು ಹೋಗುತ್ತದೆ, ಮುಂದಿನ ತೋಟೆ ತಾನಾಗಿ ಮೇಲೆ ಬಂದು ಕೂರುತ್ತದೆ. ಡಬ್ಬಿ ಖಾಲಿಯಾದಾಗ ಒಂದು ಗುಂಡಿ ಒತ್ತಿದರೆ ಅದು ಕೆಳಗೆ ಬೀಳುತ್ತದೆ, ತುಂಬಿದ ಇನ್ನೊಂದನ್ನು ತುರುಕಿದರೆ ಆಯಿತು. ಪಳಗಿದವನಿಗೆ ಎರಡು ಸೆಕೆಂಡಿನ ಕೆಲಸ. ಪಳಗದವನಿಗೆ, ಅದರಲ್ಲೂ ಕೈ ನಡುಗುವವನಿಗೆ, ಅದಕ್ಕಿಂತ ಬಹಳ ಹೆಚ್ಚು ಬೇಕು.

ಆ ಸೆಕೆಂಡುಗಳನ್ನು ಹಿಗ್ಗಿಸಬೇಕು, ಇಲ್ಲವೇ ಅವು ಮೇಲಿಂದ ಮೇಲೆ ಬರುವ ಹಾಗೆ ಮಾಡಬೇಕು. ಮ್ಯಾಗಜಿನ್ ಕಾಯ್ದೆಗಳ ಉದ್ದೇಶ ಇಷ್ಟೇ. ಡಬ್ಬಿಯಲ್ಲಿ ಮೂವತ್ತರ ಬದಲು ಹತ್ತೇ ತೋಟೆ ಇದ್ದರೆ ಕೊಲೆಗಾರ ಮೂರು ಪಟ್ಟು ಹೆಚ್ಚು ಸಲ ತಡೆಯಬೇಕಾಗುತ್ತದೆ. ಆ ತಡೆಯಲ್ಲಿ ಯಾರೋ ಓಡಬಹುದು, ಯಾರೋ ಮೈಮೇಲೆ ಬೀಳಬಹುದು.

ಇದು ಬರೀ ಊಹೆಯಲ್ಲ. 1993ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡ್ ರೈಲಿನಲ್ಲಿ ಆರು ಜನರನ್ನು ಕೊಂದವನನ್ನು ಪ್ರಯಾಣಿಕರು ನೆಲಕ್ಕೆ ಒತ್ತಿ ಹಿಡಿದದ್ದು ಅವನು ಮತ್ತೆ ತೋಟೆ ತುಂಬಲು ನಿಂತಾಗ. 2011ರ ಜನವರಿ 8ರಂದು ಅರಿಜೋನಾದ ಟೂಸಾನ್‌ನಲ್ಲಿ, ಸೂಪರ್‌ಮಾರ್ಕೆಟ್ ಒಂದರ ಮುಂದೆ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಜನರನ್ನು ಭೇಟಿಯಾಗುತ್ತಿದ್ದಾಗ ಒಬ್ಬ ಪಿಸ್ತೂಲಿನಿಂದ ಗುಂಡಿನ ಮಳೆಗರೆದ. ಅವನ ಮ್ಯಾಗಜಿನ್ 33 ತೋಟೆಯದು. ಅದು ಮುಗಿದು ಇನ್ನೊಂದನ್ನು ಹಾಕಲು ತಡಕಾಡುವಾಗ ಪೆಟ್ರೀಷಿಯಾ ಮೈಶ್ ಎಂಬ ಅರವತ್ತು ದಾಟಿದ ಹೆಂಗಸು ಆ ಡಬ್ಬಿಯನ್ನೇ ಕಿತ್ತುಕೊಂಡರು. ಉಳಿದವರು ಅವನನ್ನು ಕೆಡವಿದ್ದರು. ಅಷ್ಟರಲ್ಲಿ ಒಂಬತ್ತು ವರ್ಷದ ಹುಡುಗಿಯೂ ಸೇರಿ ಆರು ಜನ ಗುಂಡೇಟಿಗೆ ಬಲಿಯಾಗಿದ್ದರು. ಮೊದಲ ಮ್ಯಾಗಜಿನ್ ಹತ್ತಕ್ಕೇ ಮುಗಿದಿದ್ದರೆ? ಕಾಯ್ದೆಯ ಪರ ಇರುವವರು ಹದಿನೈದು ವರ್ಷದಿಂದ ಕೇಳುತ್ತಿರುವ ಪ್ರಶ್ನೆ ಇದು, ಅದಕ್ಕೆ ನೆಟ್ಟಗೆ ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ.

ತೊಂದರೆ ಶುರುವಾಗುವುದು ಈ ಸೆಕೆಂಡನ್ನು ಕಾನೂನಿನ ಭಾಷೆಗೆ ಇಳಿಸುವಾಗ. "ನಿಧಾನವಾಗಿ ತೋಟೆ ತುಂಬತಕ್ಕದ್ದು" ಎಂದು ಬರೆಯಲಾಗುವುದಿಲ್ಲ. ವಸ್ತುವನ್ನು ಬಣ್ಣಿಸಬೇಕು, ಅದರ ಆಕಾರ ಹೇಳಬೇಕು. ಬಣ್ಣಿಸಿದ ಮರುದಿನವೇ ವರ್ಕ್‌ಶಾಪಿನಲ್ಲಿ ಒಬ್ಬ ಆ ಬಣ್ಣನೆಗೆ ಸಿಗದ ವಸ್ತು ಮಾಡಿ ಕೂತಿರುತ್ತಾನೆ.

ಕ್ಯಾಲಿಫೋರ್ನಿಯಾದಲ್ಲಿ ಈ ಓಟ ಶುರುವಾದದ್ದು ಸ್ಟಾಕ್ಟನ್ ಊರಿನಿಂದ. 1989ರ ಜನವರಿ 17ರಂದು ಕ್ಲೀವ್‌ಲ್ಯಾಂಡ್ ಪ್ರಾಥಮಿಕ ಶಾಲೆಯ ಆಟದ ಬಯಲಿಗೆ ಬಂದವನು ಎಕೆ ಮಾದರಿಯ ರೈಫಲ್ಲಿನಿಂದ ನೂರಕ್ಕೂ ಹೆಚ್ಚು ಗುಂಡು ಹಾರಿಸಿದ. ಐದು ಮಕ್ಕಳು ಸತ್ತರು, ಮೂವತ್ತರಷ್ಟು ಜನ ಗಾಯಗೊಂಡರು. ಸತ್ತವರು ಕಾಂಬೋಡಿಯಾ, ವಿಯೆಟ್ನಾಂಗಳಿಂದ ಯುದ್ಧ ತಪ್ಪಿಸಿಕೊಂಡು ಬಂದ ನಿರಾಶ್ರಿತರ ಮಕ್ಕಳು. ರೈಫಲ್ ಕೊಂಡದ್ದು ಪಕ್ಕದ ಒರೆಗಾನ್ ರಾಜ್ಯದಲ್ಲಿ. ಅದೇ ವರ್ಷ ಗವರ್ನರ್ ಜಾರ್ಜ್ ಡ್ಯೂಕ್‌ಮೇಜಿಯನ್ ಸಹಿ ಹಾಕಿದ ರಾಬರ್ಟಿ-ರೂಸ್ ಕಾಯ್ದೆ ಬಂತು. ಇಂಥ ಕಾಯ್ದೆ ಅಮೆರಿಕದಲ್ಲೇ ಮೊದಲು. ಅದು ಇಂತಿಂಥ ಕಂಪನಿಯ ಇಂತಿಂಥ ಮಾಡೆಲ್ ಎಂದು ಹೆಸರು ಹಿಡಿದು ನಿಷೇಧಿಸಿತ್ತು. ಕಂಪನಿಗಳು ಹೆಸರು ಬದಲಿಸಿದವು. ಮೊದಲ ಸುತ್ತು ಅಲ್ಲಿಗೆ ಮುಗಿಯಿತು.

ಎರಡನೇ ಸುತ್ತಿಗೆ ರಾಜ್ಯ ಹೆಚ್ಚು ಬುದ್ಧಿ ಖರ್ಚು ಮಾಡಿತು. 1999ರಲ್ಲಿ ಪಾಸಾಗಿ 2000ದ ಜನವರಿ 1ರಿಂದ ಜಾರಿಗೆ ಬಂದ ಎಸ್‌ಬಿ 23 ಹೆಸರು ಬಿಟ್ಟು ಲಕ್ಷಣ ಹಿಡಿಯಿತು: ಕಳಚಬಹುದಾದ ಮ್ಯಾಗಜಿನ್ ಇರುವ ಅರೆಸ್ವಯಂಚಾಲಿತ ರೈಫಲ್ಲಿಗೆ ಪಿಸ್ತೂಲ್ ಹಿಡಿಕೆ, ಮಡಚುವ ಇಲ್ಲವೇ ಉದ್ದ ಗಿಡ್ಡ ಮಾಡುವ ಬುಡ (ಹೆಗಲಿಗೆ ಆನಿಸುವ ಭಾಗ), ನಳಿಗೆಯ ತುದಿಯ ಬೆಂಕಿ ಮರೆಸುವ ಕೊಳವೆ, ಮುಂಗೈ ಹಿಡಿಕೆ, ಇವುಗಳಲ್ಲಿ ಯಾವುದಾದರೂ ಒಂದಿದ್ದರೂ ಅದು ಅಸಾಲ್ಟ್ ವೆಪನ್. ಜೊತೆಗೆ ಹತ್ತು ತೋಟೆಗಿಂತ ದೊಡ್ಡ ಮ್ಯಾಗಜಿನ್‌ಗಳ ತಯಾರಿ, ಮಾರಾಟ, ಆಮದು ಬಂದ್. ಮೊದಲೇ ಇದ್ದವರು ಇಟ್ಟುಕೊಳ್ಳಬಹುದಿತ್ತು.

"ಕಳಚಬಹುದಾದ" ಅಂದರೇನು? ಇಲ್ಲಿದೆ ತಮಾಷೆ. ನಿಯಮ ಬರೆದವರು ಹೀಗೆ ವಿವರಿಸಿದರು: ಕೋವಿಯ ಯಂತ್ರಭಾಗ ಬಿಚ್ಚದೆ, ಯಾವ ಉಪಕರಣವನ್ನೂ ಬಳಸದೆ ಸಲೀಸಾಗಿ ತೆಗೆಯಬಹುದಾದದ್ದು ಕಳಚಬಹುದಾದ ಮ್ಯಾಗಜಿನ್. ಅದರ ಹಿಂದೆಯೇ ಇನ್ನೊಂದು ಸಾಲು: ಗುಂಡು ಅಥವಾ ತೋಟೆಯನ್ನು ಉಪಕರಣವೆಂದು ಪರಿಗಣಿಸಲಾಗುವುದು. ಎರಡು ಸಾಲನ್ನು ಪಕ್ಕಪಕ್ಕ ಇಟ್ಟು ಓದಿದ ಯಾರೋ ಒಬ್ಬ ಮೆಕ್ಯಾನಿಕ್‌ಗೆ ತಲೆಯಲ್ಲಿ ದೀಪ ಹತ್ತಿತು. ಮ್ಯಾಗಜಿನ್ ಬಿಡಿಸುವ ಗುಂಡಿಯನ್ನು ಬೆರಳಿಗೆ ಸಿಗದಂತೆ ಸಣ್ಣ ಗುಳಿಯೊಳಗೆ ಇಳಿಸಿಬಿಟ್ಟರೆ? ಬೆರಳು ಹೋಗುವುದಿಲ್ಲ, ಗುಂಡಿನ ಚೂಪು ತುದಿ ಹೋಗುತ್ತದೆ. ಗುಂಡು ಉಪಕರಣ. ಉಪಕರಣ ಬೇಕಾದ್ದರಿಂದ ಮ್ಯಾಗಜಿನ್ ಕಳಚಲಾಗದ್ದು. ಹಾಗಾಗಿ ಹಿಡಿಕೆ, ಮಡಚುವ ಬುಡ, ಬೆಂಕಿ ಕೊಳವೆ ಎಲ್ಲ ಸಕ್ರಮ!

ಸುಮಾರು 2007ರ ಹೊತ್ತಿಗೆ ಮಾರುಕಟ್ಟೆಗೆ ಬಂದ ಈ ಸಾಮಾನಿಗೆ ಬುಲೆಟ್ ಬಟನ್ ಎಂದೇ ಹೆಸರು. ಅದು ಇರುವ ರೈಫಲ್ ರಾಜ್ಯದ ಅಂಗಡಿಗಳಲ್ಲಿ ರಾಜಾರೋಷವಾಗಿ ಬಿಕರಿಯಾಯಿತು. ಕಾಯ್ದೆಗೆ ಬೇಕಿದ್ದ ಎರಡು ಸೆಕೆಂಡಿನ ಅಡ್ಡಿ ಅಭ್ಯಾಸವಾದವರಿಗೆ ಹೆಚ್ಚೂಕಡಿಮೆ ಇಲ್ಲವೇ ಇಲ್ಲ ಅನ್ನುವಷ್ಟಾಯಿತು. ಇದನ್ನು ಲೂಪ್‌ಹೋಲ್ ಎಂದು ಬೈದವರಿದ್ದಾರೆ. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಕಳ್ಳದಾರಿ ಅಂದರೆ ಬರೆದದ್ದನ್ನು ಮೀರಿದ್ದು, ಇದು ಬರೆದದ್ದನ್ನು ಅಕ್ಷರಶಃ ಪಾಲಿಸಿದ್ದು. ನಮ್ಮಲ್ಲಿ ಸೆಟ್‌ಬ್ಯಾಕ್ ನಿಯಮಕ್ಕೆ ತಕ್ಕ ಹಾಗೆ ಗೋಡೆ ಒಳಗೆ ಕಟ್ಟಿ ಮೇಲಿನ ಮಹಡಿಯನ್ನು ರಸ್ತೆಗೆ ಚಾಚಿಸುವ ಬೆಂಗಳೂರಿನ ಕಂಟ್ರಾಕ್ಟರುಗಳಿಗೆ ಈ ಮನಃಸ್ಥಿತಿ ಚೆನ್ನಾಗಿ ಗೊತ್ತು.

ಬುಲೆಟ್ ಬಟನ್ ಮುಚ್ಚಿಸಲು 2012ರಲ್ಲಿ ಪಟ್ಟು ಹಿಡಿದವರು ಸ್ಯಾನ್ ಫ್ರಾನ್ಸಿಸ್ಕೋದ ರಾಜ್ಯ ಸೆನೆಟರ್ ಲೀಲಂಡ್ ಯೀ. ಮಸೂದೆ ಪಾಸಾಗಲಿಲ್ಲ. ಎರಡು ವರ್ಷದ ನಂತರ ಎಫ್‌ಬಿಐ ಅವರನ್ನೇ ಬಂಧಿಸಿತು. ಆರೋಪಗಳಲ್ಲಿ ಬಂದೂಕು ಕಳ್ಳಸಾಗಣೆಯ ಒಳಸಂಚೂ ಇತ್ತು. ತಪ್ಪೊಪ್ಪಿಕೊಂಡು ಐದು ವರ್ಷದ ಶಿಕ್ಷೆ ಪಡೆದರು. ಬಂದೂಕು ಪ್ರಿಯರು ಇವತ್ತಿಗೂ ಈ ಕತೆಯನ್ನು ಉಪ್ಪುಖಾರ ಹಚ್ಚಿ ಹೇಳುತ್ತಾರೆ, ಹೇಳದೆ ಇರುತ್ತಾರೆಯೇ? 2013ರಲ್ಲಿ ಇನ್ನೊಂದು ಮಸೂದೆ ಎರಡೂ ಸದನ ದಾಟಿ ಬಂದಾಗ ಗವರ್ನರ್ ಜೆರ್ರಿ ಬ್ರೌನ್ ವೀಟೊ ಮಾಡಿದರು.

ಆಮೇಲೆ ಸ್ಯಾನ್ ಬರ್ನಾರ್ಡಿನೊ. 2015ರ ಡಿಸೆಂಬರ್ 2ರಂದು ಗಂಡ ಹೆಂಡತಿ ಇಬ್ಬರು ಕಚೇರಿಯ ಕೂಟವೊಂದರ ಮೇಲೆ ದಾಳಿ ಮಾಡಿ 14 ಜನರನ್ನು ಕೊಂದರು, 22 ಜನ ಗಾಯಗೊಂಡರು. ಅವರ ರೈಫಲ್ಲುಗಳು ಮೊದಲು ಕ್ಯಾಲಿಫೋರ್ನಿಯಾದ ಅಂಗಡಿಯಲ್ಲೇ ಕಾನೂನುಬದ್ಧವಾಗಿ ಮಾರಾಟವಾದವು. ಆಮೇಲೆ ಅವನ್ನು ಅಕ್ರಮವಾಗಿ ಬದಲಿಸಲಾಗಿತ್ತು ಎಂದು ತನಿಖೆಯವರು ಹೇಳಿದರು. ಅಂದರೆ ಕಾಯ್ದೆ ಕೂರಿಸಿದ ಬೀಗವನ್ನು ಕೊಲ್ಲಲು ಹೊರಟವರು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಈ ಸಂಗತಿಯಿಂದ ಬೀಗವೇ ವ್ಯರ್ಥ ಎಂದು ಅರ್ಥ ಮಾಡಿಕೊಳ್ಳಬಹುದಿತ್ತು, ಬೀಗ ಇನ್ನೂ ಗಟ್ಟಿಯಾಗಬೇಕು ಎಂದೂ ಮಾಡಿಕೊಳ್ಳಬಹುದಿತ್ತು. ಶಾಸನಸಭೆ ಎರಡನೆಯದನ್ನು ಆರಿಸಿಕೊಂಡಿತು. ಮೂರು ವರ್ಷದ ಹಿಂದೆ ವೀಟೊ ಹಾಕಿದ್ದ ಬ್ರೌನ್ 2016ರ ಜುಲೈ 1ರಂದು ಎಸ್‌ಬಿ 880, ಎಬಿ 1135 ಎಂಬ ಜೋಡಿ ಮಸೂದೆಗಳಿಗೆ ಸಹಿ ಹಾಕಿದರು.

ಈ ಸಲ ಉಪಕರಣದ ಮಾತೇ ಇಲ್ಲ. "ಸ್ಥಿರ ಮ್ಯಾಗಜಿನ್" ಅಂದರೆ ಕೋವಿಯ ಯಂತ್ರಭಾಗ ಬಿಚ್ಚದೆ ತೆಗೆಯಲಾಗದ್ದು, ಅಷ್ಟೆ. 2017ರ ಜನವರಿಯಿಂದ ಬುಲೆಟ್ ಬಟನ್ ಸ್ಥಿರವಲ್ಲ ಎಂದಾಯಿತು. ಹಳೆಯವುಗಳನ್ನು ನೋಂದಾಯಿಸಬೇಕಿತ್ತು, ಗಡುವು 2018ರ ಜೂನ್ 30ರವರೆಗೆ ಹೋಯಿತು. ಇದಕ್ಕೆ ವರ್ಕ್‌ಶಾಪ್ ಕೊಟ್ಟ ಉತ್ತರಗಳೇ ಆ ರೇಂಜಿನ ಬೆಂಚಿನ ಮೇಲೆ ನಾನು ಕಂಡ ಎರಡು ರೈಫಲ್. ಲಕ್ಷಣಗಳನ್ನೆಲ್ಲ ಕಿತ್ತು ಮೀನಿನ ರೆಕ್ಕೆ ಹಾಕಿದ್ದು ಒಂದು ದಾರಿ. ಬೋಳು ರೈಫಲ್ ಅನ್ನಬಹುದು. ಇನ್ನೊಂದು ದಾರಿ, ಯಂತ್ರಭಾಗ ಬಿಚ್ಚುವುದನ್ನೇ ಸುಲಭ ಮಾಡಿಬಿಡುವುದು. ಕಾಯ್ದೆ "ಬಿಚ್ಚದೆ ತೆಗೆಯಬಾರದು" ಎಂದಿದೆ, "ಬೇಗ ಬಿಚ್ಚಬಾರದು" ಎಂದಿಲ್ಲವಲ್ಲ. ಪಿನ್ ಎಳೆದರೆ ರೈಫಲ್ ಬಾಯಿ ತೆರೆಯುತ್ತದೆ, ಆಗ ಮಾತ್ರ ಮ್ಯಾಗಜಿನ್ ಸಡಿಲವಾಗುತ್ತದೆ. ಗೆಳೆಯ ಮಾಡಿ ತೋರಿಸಿದಾಗ ಐದಾರು ಸೆಕೆಂಡ್ ಹಿಡಿಯಿತು. ಅವನೇನೂ ಸ್ಪರ್ಧೆಗೆ ಹೋಗುವವನಲ್ಲ; ವಾರವಿಡೀ ಕೋಡ್ ಬರೆದು ಭಾನುವಾರ ರಟ್ಟಿನ ಗುರಿಗೆ ಹೊಡೆಯುವವನು.

ಮ್ಯಾಗಜಿನ್ ಕಳಚದೆಯೇ ಮೇಲಿನಿಂದ ತೋಟೆ ತುಂಬುವ ಮೂರನೇ ದಾರಿಯೂ ಇದೆ. ಅದು ಹೊಸದೇ ಅಲ್ಲ. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ಇದ್ದ ತ್ರೀ-ನಾಟ್-ತ್ರೀ, ಅಂದರೆ ಲೀ-ಎನ್‌ಫೀಲ್ಡ್ ರೈಫಲ್, ತುಂಬುತ್ತಿದ್ದದ್ದು ಹೀಗೆಯೇ. ಐದೈದು ತೋಟೆ ಹಿಡಿದ ತಗಡಿನ ಪಟ್ಟಿಯನ್ನು ಮೇಲೆ ಕೂರಿಸಿ ಹೆಬ್ಬೆರಳಿನಿಂದ ಒತ್ತಿದರೆ ತೋಟೆಗಳು ಕೆಳಗಿಳಿಯುತ್ತಿದ್ದವು; ಎರಡು ಪಟ್ಟಿಗೆ ಹತ್ತು. ಮೊದಲ ಮಹಾಯುದ್ಧದ ಮುಂಚಿನ ಬ್ರಿಟಿಷ್ ಸಿಪಾಯಿ ಇದೇ ರೈಫಲ್ಲಿನಲ್ಲಿ, ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುತ್ತ, ನಿಮಿಷಕ್ಕೆ ಹದಿನೈದು ಗುರಿಯಿಟ್ಟ ಗುಂಡು ಹಾರಿಸಬೇಕಿತ್ತು. ಮ್ಯಾಗಜಿನ್ ಬದಲಿಸುವ ಪ್ರಶ್ನೆಯೇ ಇರಲಿಲ್ಲ. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ಕ್ಯಾಲಿಫೋರ್ನಿಯಾದ ನಿಯಮದಲ್ಲಿ ಇಂಥ ಪಟ್ಟಿಗಳು ಮ್ಯಾಗಜಿನ್ ಎಂಬ ಬಣ್ಣನೆಗೆ ಬರುವುದಿಲ್ಲ ಎಂದು ಬಾಯಿಬಿಟ್ಟೇ ಹೇಳಿದೆ. ಹಾಗಾಗಿ ನೂರು ವರ್ಷದ ಹಿಂದಿನ ಉಪಾಯ ಈಗ ಎಆರ್-15ಕ್ಕೆ ಹೊಸ ಪ್ಯಾಕೆಟ್‌ನಲ್ಲಿ ವಾಪಸ್ ಬಂದಿದೆ.

ಇದರ ನಡುವೆ ಯಾರೂ ಗಟ್ಟಿಯಾಗಿ ಮಾತಾಡದ ಒಂದು ವಿಷಯವಿದೆ. ಕೋವಿ ಹಿಡಿಯಲು ಕಲಿಸುವವರು ಎಲ್ಲೇ ಇರಲಿ, ತೋಟೆ ಸಿಕ್ಕಿಕೊಂಡಾಗ ಮೊದಲು ಹೇಳುವುದು ಒಂದೇ: ಮ್ಯಾಗಜಿನ್ ತೆಗಿ. ಕೋವಿಗೆ ತೋಟೆಯ ಆಹಾರ ನಿಲ್ಲಿಸಿದರೆ ಅಪಾಯ ಅರ್ಧ ಕಡಿಮೆ. ಸ್ಥಿರ ಮ್ಯಾಗಜಿನ್‌ನ ಎಆರ್-15ನಲ್ಲಿ ಬೋಲ್ಟ್ ಅರ್ಧದಲ್ಲಿ ಸಿಕ್ಕಿಕೊಂಡರೆ ರೈಫಲ್ ಬಾಯಿ ತೆರೆಯುವುದಿಲ್ಲ, ಬಾಯಿ ತೆರೆಯದೆ ಮ್ಯಾಗಜಿನ್ ಬರುವುದಿಲ್ಲ. ಒಳಗೆ ಜೀವಂತ ತೋಟೆ, ಹೊರಗೆ ಕೈಕಟ್ಟಿದ ಮಾಲೀಕ. ಅವತ್ತು ರೇಂಜಿನಲ್ಲಿ ಎರಡು ಬೆಂಚ್ ಆಚೆ ಇದೇ ಆಯಿತು. ರೇಂಜಿನ ಮೇಲ್ವಿಚಾರಕ ಎಲ್ಲರನ್ನೂ ಹಿಂದೆ ಸರಿಸಿ, ನಳಿಗೆಯನ್ನು ದಿಬ್ಬದ ಕಡೆಗೇ ಇಟ್ಟುಕೊಂಡು, ಒಂದೊಂದೇ ತೋಟೆಯನ್ನು ಮೇಲಿನಿಂದ ಇಕ್ಕಳದಲ್ಲಿ ಕೀಳುತ್ತ ಕಾಲು ಗಂಟೆ ಒದ್ದಾಡಿದ. ಪಾಲಿಸುವವನ ಕೋವಿಯನ್ನು ಹೆಚ್ಚು ಅಪಾಯಕಾರಿ ಮಾಡಿ, ಪಾಲಿಸದವನನ್ನು ಮುಟ್ಟದೆ ಬಿಡುವ ನಿಯಮ ಒಳ್ಳೆಯದೆಂದು ನನಗಂತೂ ಅನ್ನಿಸುವುದಿಲ್ಲ. ಹಿಡಿಕೆಯ ಆಕಾರ, ಬುಡದ ಮಡಿಕೆಗಳ ಪಟ್ಟಿಯನ್ನು ಸುಮ್ಮನೆ ಬಿಟ್ಟುಬಿಟ್ಟರೆ ರಾಜ್ಯಕ್ಕೆ ನಷ್ಟವೇನೂ ಇಲ್ಲ.

ಮ್ಯಾಗಜಿನ್‌ನ ಅಳತೆಯ ಮಾತು ಬೇರೆ. ಹತ್ತು ಅಂದರೆ ಹತ್ತು. ಅದಕ್ಕೆ ಮೀನಿನ ರೆಕ್ಕೆ ಹಚ್ಚಲು ಬರುವುದಿಲ್ಲ. ದೊಡ್ಡ ಕೋರ್ಟುಗಳ ಕಾಳಗ ಈಗ ನಡೆದಿರುವುದೂ ಇದರ ಸುತ್ತಲೇ.

2016ರ ನವೆಂಬರ್ ಚುನಾವಣೆಯಲ್ಲಿ ಆಗಿನ ಲೆಫ್ಟಿನೆಂಟ್ ಗವರ್ನರ್ ಗ್ಯಾವಿನ್ ನ್ಯೂಸಮ್ ಮುಂದೆ ನಿಂತು ತಂದ ಪ್ರಪೊಸಿಷನ್ 63 ಎಂಬ ಜನಮತದ ಪ್ರಸ್ತಾವವನ್ನು ಮತದಾರರು ಒಪ್ಪಿದರು. ಹತ್ತಕ್ಕಿಂತ ದೊಡ್ಡ ಮ್ಯಾಗಜಿನ್ ಮಾರುವುದಷ್ಟೇ ಅಲ್ಲ, ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧವಾಗಬೇಕಿತ್ತು. ಜಾರಿಯಾಗಬೇಕಿದ್ದ 2017ರ ಜುಲೈ 1ಕ್ಕೆ ಎರಡು ದಿನ ಮೊದಲು ಸ್ಯಾನ್ ಡಿಯೇಗೊದ ಫೆಡರಲ್ ನ್ಯಾಯಾಧೀಶ ರೋಜರ್ ಬೆನಿಟೆಜ್ ತಡೆಯಾಜ್ಞೆ ಕೊಟ್ಟರು. 2019ರ ಮಾರ್ಚ್ 29ರಂದು ಅವರು ಖರೀದಿಯ ನಿಷೇಧವನ್ನೂ ಸೇರಿಸಿ ಕಾಯ್ದೆಯನ್ನೇ ಹೊಡೆದುಹಾಕಿದರು. ತಮ್ಮ ತೀರ್ಪಿಗೆ ತಾವೇ ತಡೆ ಕೊಡಲು ಅವರಿಗೆ ಒಂದು ವಾರ ಹಿಡಿಯಿತು. ಆ ಒಂದು ವಾರ ಇಡೀ ದೇಶದ ಅಂಗಡಿಗಳಿಂದ ಕ್ಯಾಲಿಫೋರ್ನಿಯಾಕ್ಕೆ ಮೂವತ್ತು ತೋಟೆಯ ಮ್ಯಾಗಜಿನ್‌ಗಳು ಪೆಟ್ಟಿಗೆಗಟ್ಟಲೆ ಹರಿದುಬಂದವು. ಬಂದೂಕು ಪ್ರಿಯರು ಅದನ್ನು ಫ್ರೀಡಂ ವೀಕ್ ಎನ್ನುತ್ತಾರೆ. ಪಾನನಿಷೇಧವನ್ನು ಒಂದು ವಾರ ಸಡಿಲಿಸಿದಂತೆ ಅನ್ನಿ.

ಅಲ್ಲಿಂದ ಮುಂದಿನದು ನಮ್ಮ ಜಮೀನು ವ್ಯಾಜ್ಯಗಳನ್ನು ಕಂಡವರಿಗೆ ಬೇಸರ ತರಿಸುವುದಿಲ್ಲ. 2020ರಲ್ಲಿ ಒಂಬತ್ತನೇ ಸರ್ಕ್ಯೂಟ್ ಎಂಬ ಫೆಡರಲ್ ಮೇಲ್ಮನವಿ ಕೋರ್ಟಿನ ಮೂವರ ಪೀಠ ಬೆನಿಟೆಜ್ ಪರ, 2021ರಲ್ಲಿ ಹನ್ನೊಂದು ಜನರ ದೊಡ್ಡ ಪೀಠ 7-4ರಲ್ಲಿ ರಾಜ್ಯದ ಪರ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಬ್ರೂಯೆನ್ ಪ್ರಕರಣದಲ್ಲಿ ಹೊಸ ಅಳತೆಗೋಲು ಕೊಟ್ಟಿತು: ಬಂದೂಕಿನ ಯಾವುದೇ ನಿರ್ಬಂಧ ಅಮೆರಿಕದ ಐತಿಹಾಸಿಕ ಪರಂಪರೆಗೆ ಹೊಂದಬೇಕು. ಪ್ರಕರಣ ವಾಪಸ್. 2023ರಲ್ಲಿ ಬೆನಿಟೆಜ್ ಮತ್ತೆ ಹೊಡೆದುಹಾಕಿದರು. 2025ರ ಮಾರ್ಚ್ 20ರಂದು ದೊಡ್ಡ ಪೀಠ ಮತ್ತೆ 7-4ರಲ್ಲೇ ಕಾಯ್ದೆಯನ್ನು ಎತ್ತಿಹಿಡಿಯಿತು.

ಬಹುಮತದ ತೀರ್ಪು ಬರೆದ ಸೂಸನ್ ಗ್ರೇಬರ್ ಅವರ ಮುಖ್ಯ ವಾದ ಎರಡು. ಒಂದು, ದೊಡ್ಡ ಮ್ಯಾಗಜಿನ್ ಆಯುಧವಲ್ಲ, ಆಯುಧಕ್ಕೆ ಸೇರಿಸುವ ಪರಿಕರ. ಅದಿಲ್ಲದೆಯೂ ಕೋವಿ ಕೆಲಸ ಮಾಡುತ್ತದೆ. ಎರಡು, ವಿಶೇಷವಾಗಿ ಅಪಾಯಕಾರಿಯಾದ ಬಳಕೆಗಳನ್ನು ತಡೆಯುವ ಪರಂಪರೆ ಹಿಂದಿನಿಂದಲೂ ಇದೆ. ಉದಾಹರಣೆಗೆ ಮನೆಯಲ್ಲಿ ಇಷ್ಟೇ ಮದ್ದು ಇಡಬೇಕೆಂಬ ಹಳೆಯ ನಿಯಮಗಳು, ದಾರ ಕಟ್ಟಿ ತಾನೇ ಸಿಡಿಯುವಂತೆ ಇಡುವ ಬಂದೂಕಿನ ನಿಷೇಧ. ಕಾಡುಹಂದಿಗೆಂದು ತಂತಿ ಬಿಗಿದಿಟ್ಟ ಕೋವಿಗೆ ದನ, ಮನುಷ್ಯರು ಬಿದ್ದ ಕತೆ ಕೇಳಿ ಬೆಳೆದ ಮಲೆನಾಡಿನವರಿಗೆ ಈ ಎರಡನೇ ಹೋಲಿಕೆ ಥಟ್ಟನೆ ಹತ್ತುತ್ತದೆ.

ಭಿನ್ನಮತದ ನ್ಯಾಯಾಧೀಶ ಲಾರೆನ್ಸ್ ವ್ಯಾನ್‌ಡೈಕ್ ಮಾಡಿದ್ದು ಯಾರೂ ಮಾಡದ ಕೆಲಸ. ತಮ್ಮ ಕೊಠಡಿಯಲ್ಲೇ ಪಿಸ್ತೂಲುಗಳನ್ನು ಬಿಚ್ಚಿ ಜೋಡಿಸುತ್ತ ವಿಡಿಯೊ ಮಾಡಿ ತೀರ್ಪಿಗೆ ಲಗತ್ತಿಸಿದರು. ಪರಿಕರ ಎಂದು ಮ್ಯಾಗಜಿನ್ನನ್ನು ತೆಗೆದಿಟ್ಟರೆ, ಇದೇ ತರ್ಕದಲ್ಲಿ ಹಿಡಿಕೆ, ಗುರಿಕಾಯಿ ಎಲ್ಲವನ್ನೂ ಪರಿಕರ ಎನ್ನಬಹುದಲ್ಲ ಎಂಬುದು ಅವರ ಮಾತು. ನ್ಯಾಯಾಧೀಶರು ತಾವೇ ತಜ್ಞ ಸಾಕ್ಷಿಯಾಗಿಬಿಟ್ಟರು ಎಂದು ಸಹ ನ್ಯಾಯಾಧೀಶೆ ಮಾರ್ಷಾ ಬರ್ಜನ್ ಸಿಟ್ಟಾದರು. ವಿಡಿಯೊ ನೋಡಿದರೆ ವ್ಯಾನ್‌ಡೈಕ್ ಅವರ ತರ್ಕದಲ್ಲಿ ಹುರುಳಿದೆ ಎನ್ನಿಸುತ್ತದೆ. ಆದರೆ ಹತ್ತು ತೋಟೆಯ ಮ್ಯಾಗಜಿನ್ನನ್ನು ಯಾರೂ ಕಿತ್ತುಕೊಂಡಿಲ್ಲ ಎಂಬ ಸರಳ ಸಂಗತಿಗೆ ಅದರಲ್ಲಿ ಉತ್ತರವಿಲ್ಲ.

ಸಂಖ್ಯೆಯನ್ನೂ ಹಾಸ್ಯಾಸ್ಪದ ಮಾಡಬಹುದು ಎಂದು ತೋರಿಸಿದ್ದು ನ್ಯೂಯಾರ್ಕ್. ಸ್ಯಾಂಡಿ ಹುಕ್ ಶಾಲೆಯ ಹತ್ಯಾಕಾಂಡದ ಮರುತಿಂಗಳೇ, 2013ರ ಜನವರಿಯಲ್ಲಿ ತರಾತುರಿಯಲ್ಲಿ ತಂದ ಕಾಯ್ದೆಯಲ್ಲಿ ಮೊದಲು ಏಳು ತೋಟೆಯ ಮ್ಯಾಗಜಿನ್ ಮಾತ್ರ ಮಾರಬೇಕು ಎಂದು ಬರೆದರು. ಏಳರ ಡಬ್ಬಿ ಮಾರುಕಟ್ಟೆಯಲ್ಲಿ ಸರಿಯಾಗಿ ಸಿಗುವುದಿಲ್ಲ ಎಂಬುದು ಆಮೇಲೆ ಹೊಳೆದದ್ದು. ಆಗ ಹತ್ತರ ಮ್ಯಾಗಜಿನ್ ಇಟ್ಟುಕೊಳ್ಳಬಹುದು, ಅದರಲ್ಲಿ ಏಳೇ ತೋಟೆ ತುಂಬಬೇಕು ಎಂದು ತಿದ್ದಿದರು. ಮನೆಗೆ ನುಗ್ಗುವ ಕಳ್ಳ ಏಳಕ್ಕೆ ಎಣಿಸಿ ನಿಲ್ಲಿಸುತ್ತಾನೆಯೇ? ಆ ವರ್ಷದ ಕೊನೆಯ ದಿನ ಫೆಡರಲ್ ಕೋರ್ಟ್ ಏಳರ ಮಿತಿಯನ್ನು ರದ್ದು ಮಾಡಿತು, ಹತ್ತನ್ನು ಉಳಿಸಿತು.

ಇಷ್ಟೆಲ್ಲ ಆದ ಮೇಲೆ, ಮ್ಯಾಗಜಿನ್ ಮಿತಿಯಿಂದ ಜೀವ ಉಳಿಯುತ್ತದೆಯೇ? ಲೂಯಿಸ್ ಕ್ಲಾರೆವಾಸ್ ಮತ್ತು ಜೊತೆಗಾರರು 1990ರಿಂದ 2017ರವರೆಗಿನ ದೊಡ್ಡ ಹತ್ಯಾಕಾಂಡಗಳನ್ನು ಲೆಕ್ಕ ಹಾಕಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡ ಮ್ಯಾಗಜಿನ್ ಬಳಸಿದ ಘಟನೆಗಳಲ್ಲಿ ಸರಾಸರಿ ಸಾವು ಶೇ 62ರಷ್ಟು ಹೆಚ್ಚು. ನಿಷೇಧವಿಲ್ಲದ ರಾಜ್ಯಗಳಲ್ಲಿ ಇಂಥ ಘಟನೆಗಳ ಪ್ರಮಾಣ ಎರಡು ಪಟ್ಟಿಗಿಂತ ಜಾಸ್ತಿ. ಫ್ಲಾರಿಡಾದ ಅಪರಾಧಶಾಸ್ತ್ರಜ್ಞ ಗ್ಯಾರಿ ಕ್ಲೆಕ್ ಒಪ್ಪುವುದಿಲ್ಲ. ಹೆಚ್ಚಿನ ಕೊಲೆಗಾರರು ಒಂದಕ್ಕಿಂತ ಹೆಚ್ಚು ಬಂದೂಕು ತಂದಿರುತ್ತಾರೆ, ನಿಧಾನವಾಗಿಯೇ ಹಾರಿಸುತ್ತಾರೆ, ಮ್ಯಾಗಜಿನ್ ಬದಲಿಸುವ 2ರಿಂದ 4 ಸೆಕೆಂಡ್ ಅವರಿಗೆ ಅಡ್ಡಿಯೇ ಆಗುವುದಿಲ್ಲ ಎಂಬುದು ಅವರ ವಾದ. ವರ್ಜೀನಿಯಾ ಟೆಕ್‌ನಲ್ಲಿ 2007ರಲ್ಲಿ 32 ಜನರನ್ನು ಕೊಂದವನ ಬಳಿ ಇದ್ದದ್ದು ಹತ್ತು, ಹದಿನೈದು ತೋಟೆಯ ಮ್ಯಾಗಜಿನ್‌ಗಳು. 2012ರಲ್ಲಿ ಕೊಲರಾಡೊದ ಅರೋರಾ ಚಿತ್ರಮಂದಿರದಲ್ಲಿ ನೂರು ತೋಟೆಯ ಡ್ರಮ್ ತಂದವನ ರೈಫಲ್ ನಡುವೆಯೇ ಸಿಕ್ಕಿಹಾಕಿಕೊಂಡಿತು.

ಇನ್ನೊಂದು ಕಡೆಯ ಲೆಕ್ಕವೂ ಇದೆ. ಮನೆಯವರು ಆತ್ಮರಕ್ಷಣೆಗೆ ಕೋವಿ ಬಳಸಿದಾಗ ಸರಾಸರಿ 2.2 ಗುಂಡು ಹಾರಿಸುತ್ತಾರೆ ಎಂದು ರಾಜ್ಯದ ಪರ ತಜ್ಞರು ಕೋರ್ಟಿಗೆ ಕೊಟ್ಟರು. ಬೆನಿಟೆಜ್ ಆ ಲೆಕ್ಕದ ವಿಧಾನವನ್ನು ಹಿಂಜಿ ಬಿಟ್ಟರು. ಸರಾಸರಿ ಏನೇ ಇರಲಿ, ಹನ್ನೊಂದನೇ ಗುಂಡು ಬೇಕಾದ ಮನೆಯವರು ಬಹಳ ಅಪರೂಪ. ಹನ್ನೊಂದನೇ ಗುಂಡು ಬೇಕಾದ ಹಂತಕ ಅಷ್ಟು ಅಪರೂಪವಲ್ಲ. ನನ್ನನ್ನು ಹತ್ತರ ಮಿತಿಯ ಕಡೆಗೆ ವಾಲಿಸುವುದು ಇದು.

ಭಾರತದಲ್ಲಿ ಈ ಜಗಳ ಹುಟ್ಟಲೇ ಇಲ್ಲ. ಇಲ್ಲಿ ಕಾಯ್ದೆ ಕೋವಿಯ ಆಕಾರಕ್ಕಿಂತ ಹಿಡಿಯುವವನನ್ನು ನೋಡುತ್ತದೆ. 1959ರ ಆಯುಧ ಕಾಯ್ದೆಯಲ್ಲಿ ಹಕ್ಕಿನ ಮಾತಿಲ್ಲ, ಲೈಸೆನ್ಸಿನ ಮಾತಿದೆ. 2019ರ ತಿದ್ದುಪಡಿ ಒಬ್ಬನಿಗೆ ಮೂರರ ಬದಲು ಎರಡೇ ಕೋವಿ ಎಂದಿತು. ಚುನಾವಣೆ ಬಂತೆಂದರೆ ಮಲೆನಾಡಿನ ರೈತರು ಹಂದಿ, ಮಂಗಗಳಿಗೆ ತೋಟ ಒಪ್ಪಿಸಿ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುತ್ತಾರೆ. ಹುಟ್ಟಿಗೂ ಸಾವಿಗೂ ಕೋವಿಯ ಸದ್ದಿರುವ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ; 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆ ವಾದದಲ್ಲೂ ಪ್ರಶ್ನೆ ಯಾರಿಗೆ ಎಂಬುದೇ ಆಗಿತ್ತು, ಎಷ್ಟು ಬೇಗ ತುಂಬಬಹುದು ಎಂಬುದಲ್ಲ.

ಅಮೆರಿಕಕ್ಕೆ ಆ ದಾರಿ, ಆಯುಧ ಹೊಂದುವುದನ್ನು ಹಕ್ಕಾಗಿಸಿದ ಸಂವಿಧಾನದ ಎರಡನೇ ತಿದ್ದುಪಡಿಯಿಂದ ಬಹುಪಾಲು ಮುಚ್ಚಿದೆ. ಹಿಡಿಯುವವನನ್ನು ಮುಟ್ಟಲಾಗದ ರಾಜ್ಯ ಡಬ್ಬಿಯನ್ನು ಮುಟ್ಟುತ್ತದೆ. ಡಬ್ಬಿಗಾದರೋ ಗಡಿಯಿಲ್ಲ. 2019ರ ಜುಲೈ 28ರಂದು ಗಿಲ್‌ರಾಯ್ ಊರಿನ ಬೆಳ್ಳುಳ್ಳಿ ಜಾತ್ರೆಯಲ್ಲಿ ಮೂವರನ್ನು ಕೊಂದವನು ರೈಫಲ್ ಕೊಂಡದ್ದು ನೆವಾಡಾದಲ್ಲಿ, ಅಲ್ಲಿ ಸಕ್ರಮವಾಗಿ. ಅವನ ಬಳಿ 75 ತೋಟೆಯ ಡ್ರಮ್ ಇತ್ತು. ಗಿಲ್‌ರಾಯ್ ಅಂದರೆ ಸ್ಯಾನ್ ಹೋಸೆಯಿಂದ ಅರ್ಧ ಗಂಟೆ. ಬೇ ಏರಿಯಾದ ಕನ್ನಡದವರು ಮಕ್ಕಳನ್ನು ಕರೆದುಕೊಂಡು ಬೆಳ್ಳುಳ್ಳಿ ಐಸ್‌ಕ್ರೀಮ್ ತಿನ್ನಿಸಿ ಬರುತ್ತಿದ್ದ ಜಾತ್ರೆ ಅದು. ಸ್ಟಾಕ್ಟನ್‌ಗೆ ಒರೆಗಾನ್‌ನಿಂದ ಬಂದ ರೈಫಲ್, ಮೂವತ್ತು ವರ್ಷದ ನಂತರ ಗಿಲ್‌ರಾಯ್‌ಗೆ ನೆವಾಡಾದಿಂದ ಬಂತು.

ಸಂಖ್ಯೆಯ ಮಿತಿ ಒಂದೇ ಸಾಕು ಎನ್ನುವ ನನ್ನಂಥವರ ಬಾಯಿ ಕಟ್ಟಿಸುವುದು ಕೊಲರಾಡೊ. ಅರೋರಾದ ನಂತರ 2013ರಲ್ಲಿ ಅಲ್ಲಿ ಹದಿನೈದರ ಮಿತಿ ಬಂತು. ಎಷ್ಟೋ ಕೌಂಟಿಗಳ ಶೆರಿಫ್‌ಗಳು ಜಾರಿ ಮಾಡುವುದಿಲ್ಲ ಎಂದೇ ಸಾರಿದರು. ಡಬ್ಬಿಯ ಮೇಲೆ ಸೀರಿಯಲ್ ನಂಬರ್ ಇಲ್ಲ, ಯಾವಾಗ ಕೊಂಡದ್ದೆಂದು ಹೇಳುವುದು ಕಷ್ಟ. ಹನ್ನೆರಡು ವರ್ಷ ಕಾದು, ಅರೋರಾದಲ್ಲಿ ಮಗನನ್ನು ಕಳೆದುಕೊಂಡ ರಾಜ್ಯ ಸೆನೆಟರ್ ಟಾಮ್ ಸಲಿವನ್, ಡಬ್ಬಿ ತಡೆಯಲಾಗದಿದ್ದರೆ ಡಬ್ಬಿ ಕೂರುವ ಬಾಯಿಯನ್ನೇ ತಡೆಯೋಣ ಎಂದರು. 2025ರ ಏಪ್ರಿಲ್‌ನಲ್ಲಿ ಗವರ್ನರ್ ಜ್ಯಾರೆಡ್ ಪೊಲಿಸ್ ಸಹಿ ಹಾಕಿದ ಕಾಯ್ದೆಗೆ ಜಾರಿಯ ದಿನ 2026ರ ಆಗಸ್ಟ್ 1 ಎಂದು ಗೊತ್ತುಮಾಡಿದ್ದಾರೆ. ಅದರ ಪ್ರಕಾರ ಕಳಚುವ ಮ್ಯಾಗಜಿನ್‌ನ ಅರೆಸ್ವಯಂಚಾಲಿತ ರೈಫಲ್ ಕೊಳ್ಳಲು ತರಬೇತಿ ಪಡೆಯಬೇಕು, ಶೆರಿಫ್‌ನಿಂದ ಅರ್ಹತಾ ಕಾರ್ಡ್ ತರಬೇಕು. ಹದಿನೈದು ಮೀರದ, ಶಾಶ್ವತವಾಗಿ ಕೂರಿಸಿದ ಮ್ಯಾಗಜಿನ್ ಇದ್ದರೆ ಇವು ಯಾವುದೂ ಬೇಡ. ಹಿಡಿಕೆಯ ಗೊಡವೆಯೇ ಇಲ್ಲ.

ಗೆಳೆಯನ ಭಾವ ಡೆನ್ವರ್‌ನಲ್ಲಿದ್ದಾನೆ. ಆ ಪಿನ್ ಎಳೆಯುವ ರೈಫಲ್ಲಿನ ಫೋಟೊ ಕಳಿಸು, ಇಲ್ಲೂ ಬೇಕಾಗುತ್ತದೇನೋ ಎಂದು ಕೇಳಿದನಂತೆ. "ಕಳಿಸಿದೆ, ಆದರೆ ಪಿನ್ ಎಳೆದರೆ ಬರುವುದನ್ನು ಅವರು ಶಾಶ್ವತ ಅಂತ ಒಪ್ಪುವುದು ಅನುಮಾನ ಭಾವ ಅಂತಲೂ ಹೇಳಿದೆ" ಎಂದ ಗೆಳೆಯ, ಹತ್ತು ತೋಟೆ ಒಂದೊಂದಾಗಿ ಒತ್ತುತ್ತ, ನೋಯುವ ಹೆಬ್ಬೆರಳನ್ನು ನಡುನಡುವೆ ಜಾಡಿಸುತ್ತ.